ಓದು ಉಳಿದ ಭಾಷೆ, ಮಾತು ಉಳಿದ ಭಾಷೆ

ಭಾನುವಾರದ ದಿನ ಆಬಿಡ್ಸಿನ ರಸ್ತೆಬದಿಯಲ್ಲಿ ಹಳೆಯ ಪುಸ್ತಕಗಳ ಸಂತೆ ನೆರೆಯುವುದನ್ನು ಹೈದರಾಬಾದಿನ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ. ಅವುಗಳ ಮುಂದೆ ಪ್ರಪಂಚದ ಜ್ಞಾನವನ್ನೆಲ್ಲ ನೆಲದ ಮೇಲೆ ರಾಶಿ ಹಾಕಿಕೊಂಡು ಕುಳಿತಿರುತ್ತಾರೆ. ನಾವು ಅಲ್ಲಿಗೆ ಹೋಗುವುದು ಇಲಾಖಾ ಪರೀಕ್ಷೆಯ ಗೈಡುಗಳನ್ನು ಹುಡುಕಿಕೊಂಡು; ಮನೆಗೆ ಬರುವುದು ಆ ಪರೀಕ್ಷೆಗೆ ಯಾವ ರೀತಿಯಲ್ಲೂ ಒದಗದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು. ಹಾಗೆ ಬಂದವುಗಳಲ್ಲಿ ಒಂದು, ಯೋಸೆಫ್ ಕ್ಲೌಸ್ನರ್ ಎಂಬ ಪ್ರಾಧ್ಯಾಪಕರು ಬರೆದ ಹೊಸ ಹೀಬ್ರೂ ಸಾಹಿತ್ಯದ ಚರಿತ್ರೆ. ೧೯೩೨ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇಂಗ್ಲಿಷ್ ಅನುವಾದ. ಐವತ್ತು ರೂಪಾಯಿ ಎಂದವನು ಮೂವತ್ತಕ್ಕೆ ಕೊಟ್ಟ. ಯೆಹೂದ್ಯರ ಭಾಷೆಯ ಚರಿತ್ರೆಯನ್ನು ಕೊಳ್ಳುವವರು ಆ ಬೀದಿಯಲ್ಲಿ ಇನ್ನೊಬ್ಬರು ಸಿಗಲಾರರೆಂದು ಅವನಿಗೂ ಗೊತ್ತಿತ್ತು.

“ಇದನ್ನ ಓದಿದ್ರ ಪ್ರಮೋಷನ್ ಕೊಡ್ತಾರೇನ್ರೀ?” ಎಂದು ನಮ್ಮ ಮನೆಯವರು ಕೇಳಿದರು. ಗುಮಾಸ್ತನ ಹೆಂಡತಿ ಕೇಳಬೇಕಾದ ಪ್ರಶ್ನೆಯೇ. ಉತ್ತರ ನಮ್ಮಲ್ಲಿರಲಿಲ್ಲ. ಆದರೆ ರಾತ್ರಿ ಊಟವಾದ ಮೇಲೆ ನಾಲ್ಕು ಪುಟ, ಐದು ಪುಟ ಎಂದು ಓದುತ್ತ ಹೋದಂತೆ, ಇದು ಎಲ್ಲಿಯದೋ ದೂರದ ಜನರ ಕಥೆ ಎಂದು ತೋರಲಿಲ್ಲ. ಆ ಪುಸ್ತಕ ೧೯೩೦ಕ್ಕೆ ನಿಲ್ಲುತ್ತದೆ. ಮುಂದಿನದನ್ನು ಗ್ರಂಥಾಲಯಗಳಲ್ಲಿ ಹುಡುಕಿ ಓದಿಕೊಂಡೆವು.

ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. ಹೀಬ್ರೂ ಸುಮಾರು ಸಾವಿರದ ಏಳುನೂರು ವರ್ಷ ಯಾರ ಮನೆಯ ಮಾತೂ ಆಗಿರಲಿಲ್ಲ. ಆದರೆ ಅಷ್ಟು ಕಾಲವೂ ಅದನ್ನು ಓದುವುದು ಮಾತ್ರ ನಿಲ್ಲಲಿಲ್ಲ. ದೇಶದೇಶಗಳಿಗೆ ಚದುರಿದ ಆ ಜನರು ಪೋಲೆಂಡಿನಲ್ಲಿ ಯಿಡ್ಡಿಷ್ ಆಡಿದರು, ಬಾಗ್ದಾದಿನಲ್ಲಿ ಅರಬ್ಬಿ ಆಡಿದರು, ನಮ್ಮ ಕೊಂಕಣ ತೀರದಲ್ಲಿ ಮರಾಠಿ, ಕೊಚ್ಚಿಯಲ್ಲಿ ಮಲಯಾಳ ಆಡಿದರು. ಗಂಡುಮಗುವಿಗೆ ಮಾತ್ರ ಎಳೆಯ ವಯಸ್ಸಿನಲ್ಲೇ ಹೀಬ್ರೂವಿನ ಇಪ್ಪತ್ತೆರಡು ಅಕ್ಷರಗಳನ್ನು ಕಲಿಸಿದರು. ಪ್ರಾರ್ಥನೆ, ಧರ್ಮಗ್ರಂಥ, ವ್ಯಾಖ್ಯಾನ, ವ್ಯಾಪಾರದ ಕಾಗದ, ಕವಿತೆ ಸಹ ಆ ಅಕ್ಷರಗಳಲ್ಲಿ ನಡೆಯಿತು. ಓದು ಉಳಿಯಿತು, ಮಾತು ಹೋಯಿತು.

ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಮಾತು ಇದೆ. ಅಡಿಗೆಮನೆಯಲ್ಲಿ, ಜಗಳದಲ್ಲಿ, ಜ್ವರ ಬಂದ ಮಗುವಿನ ತಲೆ ಸವರುವಾಗ ಕನ್ನಡವೇ. ಆದರೆ ಮಗುವಿನ ಮುಂದೆ ಒಂದು ಕನ್ನಡ ಪತ್ರಿಕೆಯನ್ನು ಹಿಡಿದು ನೋಡಿ. ಚಿತ್ರ ನೋಡಿ ಮಡಿಸಿಡುತ್ತದೆ. ಈ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಇದು ಬರುವ ಮನೆಗಳಲ್ಲಿ ಓದಬಲ್ಲವರ ಸರಾಸರಿ ವಯಸ್ಸೆಷ್ಟು ಎಂದು ಲೆಕ್ಕ ಹಾಕುವ ಧೈರ್ಯ, ಲೆಕ್ಕವೇ ಕಸುಬಾದ ನಮಗೂ ಇಲ್ಲ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ನಮ್ಮ ಅಜ್ಜ ಸಿಂಧನೂರಿನ ಕಡೆಯವರು. ನಿಜಾಮರ ಕಾಲದಲ್ಲಿ ಅವರ ಶಾಲೆಯೆಲ್ಲ ಉರ್ದುವಿನಲ್ಲಿ ನಡೆಯಿತು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಒಂದು ಖಾತೆ ಪುಸ್ತಕವೂ ಇತ್ತು. ಬಲದಿಂದ ಎಡಕ್ಕೆ ಸಾಗುವ ಉರ್ದು ಅಕ್ಷರ. ಮನೆಯಲ್ಲಿ ಯಾರಿಗೂ ಓದಲು ಬಾರದು. ನಮ್ಮ ಓಣಿಯಲ್ಲಿರುವ ನಿವೃತ್ತ ಉರ್ದು ಮಾಸ್ತರರೊಬ್ಬರನ್ನು ಕರೆದು ತೋರಿಸಿದೆವು. ಕನ್ನಡಕ ಹಾಕಿಕೊಂಡು ಒಂದು ಪುಟ ನೋಡಿ, “ಯೇ ಉರ್ದು ನೈ ಹೈ, ಅಮ್ಮಾ” ಎಂದರು. ಹಾಗಾದರೆ ಏನಿದೆಯೋ ಅದನ್ನೇ ಗಟ್ಟಿಯಾಗಿ ಓದಿರೆಂದು ಅವ್ವ ಕೇಳಿಕೊಂಡಳು. ಅವರು ಅಕ್ಷರ ಕೂಡಿಸಿ ಓದತೊಡಗಿದರು: “ಜೋಲ ಎರಡು ಚೀಲ. ಹಗ್ಗ ನಾಲ್ಕು. ತಂಗಿ ಸೀರೆ ಒಂದು.” ಅವ್ವ ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟು, “ಜೋಲ ಅಲ್ರೀ ಸಾಹೇಬ್ರ, ಜೋಳ!” ಎಂದಳು.

ಕನ್ನಡದ ಮಾತು, ಉರ್ದುವಿನ ಲಿಪಿ. ಓದಿದವರಿಗೆ ಅರ್ಥ ತಿಳಿಯದು, ಅರ್ಥ ತಿಳಿದವಳಿಗೆ ಓದಲು ಬಾರದು. ಇಬ್ಬರೂ ಕೂಡಿ ಆ ಸಂಜೆ ಹನ್ನೆರಡು ಪುಟ ಮುಗಿಸಿದರು. ಉರ್ದುವಿನಲ್ಲಿ ಳಕಾರವಿಲ್ಲ. ಆದ್ದರಿಂದ ಅಜ್ಜನ ಖಾತೆಯಲ್ಲಿ ಜೋಳ ಬೆಳೆಯಲಿಲ್ಲ, ಮಳೆ ಸುರಿಯಲಿಲ್ಲ. ಎಲ್ಲವೂ ಲಕಾರವಾಗಿ ಹೋಗಿತ್ತು. ಯೂರೋಪಿನ ಯೆಹೂದ್ಯರು ಜರ್ಮನ್ನಿನ ಮನೆತನಕ್ಕೆ ಸೇರಿದ ತಮ್ಮ ಯಿಡ್ಡಿಷ್ ಮಾತನ್ನು ಹೀಬ್ರೂ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರೆಂದು ಓದಿದಾಗ ನಮಗೆ ನೆನಪಾದದ್ದು ಈ ಕೆಂಪು ಪುಸ್ತಕ. ಶಾಲೆ ಯಾವ ಅಕ್ಷರ ಕೊಡುತ್ತದೋ ಅದರಲ್ಲೇ ಮನುಷ್ಯ ತನ್ನ ಮನೆಯ ಲೆಕ್ಕ ಬರೆಯುತ್ತಾನೆ.

ಇನ್ನು ನಮ್ಮ ಮಗಳು. ಆರನೆಯ ತರಗತಿ. ರಾಯಚೂರಿನ ಅತ್ತೆಗೆ ದಿನವೂ ಫೋನಿನಲ್ಲಿ ಸಂದೇಶ ಕಳಿಸುತ್ತಾಳೆ. ಮಾತು ಕನ್ನಡ, ಅಕ್ಷರ ಇಂಗ್ಲಿಷು. ಅಲ್ಲಿಯೂ ಳಕಾರವಿಲ್ಲ.

ಹೀಬ್ರೂವಿಗೆ ಮಾತು ಹೇಗೆ ಮರಳಿತು ಎಂಬುದನ್ನು ಹಲವರು ಕೇಳಿರಬಹುದು. ಎಲಿಯೆಜರ್ ಬೆನ್ ಯೆಹೂದಾ ಎಂಬಾತ ೧೮೮೧ರಲ್ಲಿ ಜೆರೂಸಲೇಮಿಗೆ ಬಂದು ಇಳಿದ. ಮರುವರ್ಷ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಹೊರತು ಬೇರೆ ಮಾತು ಬೀಳಕೂಡದೆಂದು ಕಟ್ಟುಮಾಡಿದ. ತಾಯಿ ಮರೆತು ರಷ್ಯನ್ ಭಾಷೆಯ ಜೋಗುಳ ಹಾಡಿದ್ದಕ್ಕೆ ಮನೆಯಲ್ಲಿ ರಂಪವಾಯಿತೆಂಬ ಕಥೆಯೂ ಉಂಟು. (ಈ ಮಹಾನುಭಾವನ ಜೊತೆ ಸಂಸಾರ ಮಾಡಿದ ಹೆಂಗಸಿಗೆ ಒಂದು ಸ್ಮಾರಕ ಕಟ್ಟಿಸಬೇಕೆಂಬುದು ನಮ್ಮ ಮನೆಯವರ ಅಭಿಪ್ರಾಯ.) ಆತನಿಗೆ ಹೆಜ್ಜೆಹೆಜ್ಜೆಗೂ ಶಬ್ದದ ಬರ. ವೃತ್ತಪತ್ರಿಕೆಗೆ ಶಬ್ದವಿಲ್ಲ, ನಿಘಂಟಿಗೆ ಶಬ್ದವಿಲ್ಲ, ಕುಳಿತು ಟಂಕಿಸಿದ. ೧೯೨೨ರಲ್ಲಿ ತೀರಿಕೊಂಡ ಮೇಲೂ ಆತನ ನಿಘಂಟಿನ ಕೆಲಸ ನಡೆದು, ೧೯೫೯ರಲ್ಲಿ ಹದಿನೇಳು ಸಂಪುಟಗಳಾಗಿ ಮುಗಿಯಿತು.

ಆದರೆ ಒಬ್ಬನ ಹಟದಿಂದ ಭಾಷೆ ಎದ್ದು ಕೂರುವುದಿಲ್ಲ. ಅದನ್ನು ಎಬ್ಬಿಸಿದವರು ಶಾಲೆಯ ಮಾಸ್ತರರು. ೧೯೧೩ರಲ್ಲಿ ಹೈಫಾ ನಗರದಲ್ಲಿ ತಾಂತ್ರಿಕ ವಿದ್ಯಾಲಯವೊಂದನ್ನು ಕಟ್ಟುತ್ತಿದ್ದಾಗ, ವಿಜ್ಞಾನವನ್ನು ಜರ್ಮನ್ನಿನಲ್ಲಿ ಕಲಿಸತಕ್ಕದ್ದೆಂದು ಹಣ ಕೊಟ್ಟ ಸಂಸ್ಥೆ ಗೊತ್ತುಮಾಡಿತು. ಮಾಸ್ತರರೂ ಹುಡುಗರೂ ಶಾಲೆ ಬಿಟ್ಟು ಹೊರಬಂದರು. ನಿರ್ಧಾರ ತಿರುಗಿತು. ೧೯೨೫ರ ಏಪ್ರಿಲ್ ೧ರಂದು ಜೆರೂಸಲೇಮಿನಲ್ಲಿ ಹೀಬ್ರೂ ವಿಶ್ವವಿದ್ಯಾಲಯ ತೆರೆದಾಗ, ಹೊಸ ಹೀಬ್ರೂ ಸಾಹಿತ್ಯದ ಪೀಠಕ್ಕೆ ಬಂದು ಕುಳಿತವರೇ ನಮ್ಮ ಆಬಿಡ್ಸಿನ ಕ್ಲೌಸ್ನರ್.

ಅವರ ಮುಂದೆ ಒಂದು ವಿಚಿತ್ರವಾದ ತೊಡಕಿತ್ತು. ಪಾಠ ಹೇಳಬೇಕಾದ ಸಾಹಿತ್ಯದ ಬಹುಭಾಗ ಆ ನೆಲದಲ್ಲಿ ಹುಟ್ಟಿದ್ದಲ್ಲ. ಒಡೆಸ್ಸಾದಲ್ಲಿ, ವಾರ್ಸಾದಲ್ಲಿ, ವಿಲ್ನಾದಲ್ಲಿ, ಬರ್ಲಿನ್ನಿನಲ್ಲಿ ಬಾಡಿಗೆ ಮನೆಗಳಲ್ಲಿದ್ದವರು ಬರೆದದ್ದು. ಅವರ ಮಹಾಕವಿ ಬಿಯಾಲಿಕ್ ಟೆಲ್ ಅವೀವಿಗೆ ಬಂದು ನೆಲೆಸಿದ್ದು ೧೯೨೪ರಲ್ಲಿ. ಆ ವೇಳೆಗೆ ಅವನ ಮುಖ್ಯ ಕವಿತೆಗಳೆಲ್ಲ ಹೆಚ್ಚುಕಡಿಮೆ ಮುಗಿದಿದ್ದವು. ಆದುದರಿಂದ ಹೊರನಾಡಿನ ಸಾಹಿತ್ಯ ಎಂದು ಅವರು ಪುಸ್ತಕದ ಕೊನೆಗೆ ಅನುಬಂಧ ಸೇರಿಸಲಿಲ್ಲ. ಹೊರನಾಡೇ ಮುಖ್ಯ ಅಧ್ಯಾಯ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಮುಂಬಯಿಯ ಕನ್ನಡಕ್ಕೆ, ಹೈದರಾಬಾದಿನ ಕನ್ನಡಕ್ಕೆ, ಕಾಸರಗೋಡಿನ ಕನ್ನಡಕ್ಕೆ ಕೊಡುವ ಜಾಗವನ್ನು ಬಲ್ಲವರು ಇದರ ಬೆಲೆಯನ್ನು ತಿಳಿದಾರು.

ಇಲ್ಲೊಂದು ಉಪಕಥೆ. ಇದೇ ಕ್ಲೌಸ್ನರರ ನೆರೆಯಲ್ಲಿ ಆಗ್ನೋನ್ ಎಂಬ ಕಥೆಗಾರರು ಮನೆಮಾಡಿಕೊಂಡಿದ್ದರು. ಇಬ್ಬರಿಗೂ ಅಷ್ಟಕ್ಕಷ್ಟೆ. ಆಗ್ನೋನರಿಗೆ ೧೯೬೬ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದರೆ ಅವರ ಮನೆಯಿರುವ ಬೀದಿಗೆ ಇಂದಿಗೂ ಕ್ಲೌಸ್ನರರ ಹೆಸರು. ಬರೆದವನಿಗಿಂತ ಬರೆದುದರ ಚರಿತ್ರೆ ಬರೆದವನಿಗೆ ಬೀದಿ ಸಿಕ್ಕಿತೆಂದು ಪ್ರಾಧ್ಯಾಪಕ ಮಿತ್ರರು ಹಿಗ್ಗಬಹುದು.

ಆ ವಿದ್ವಾಂಸರು ನೂರು ವರ್ಷ ಜಗಳವಾಡಿದ್ದು ಎರಡು ಪ್ರಶ್ನೆಗಳ ಮೇಲೆ. ಹೊಸ ಸಾಹಿತ್ಯ ಎಲ್ಲಿಂದ ಮೊದಲಾಗುತ್ತದೆ? ಅದು ಯಾರದು? ಧರ್ಮದಿಂದ ಬಿಡಿಸಿಕೊಂಡ ಮೇಲೆಯೇ ಹೊಸತು ಹುಟ್ಟಿತು, ಅದು ಹಳೆಯದರೊಡನೆ ಕಡಿದ ಸಂಬಂಧವೆಂದು ಬಾರೂಖ್ ಕುರ್ತ್ಸ್‌ವೈಲ್ ವಾದಿಸಿದರು. ಹಾಗಲ್ಲ, ಯಿಡ್ಡಿಷ್, ಭಕ್ತರ ಕಥೆ, ಹೊಸಬರ ಕಾದಂಬರಿ ಎಲ್ಲವನ್ನೂ ಒಂದೇ ಮನೆಯವೆಂದು ನೋಡಬೇಕೆಂದು ದೋವ್ ಸಾದಾನ್ ಹೇಳಿದರು. ವಚನ, ದಾಸರ ಪದ, ನವೋದಯ, ನವ್ಯ ಇವುಗಳ ನಡುವಿನ ಸಂಬಂಧವನ್ನು ಕುರಿತು ನಮ್ಮಲ್ಲಿ ನಡೆದ ಚರ್ಚೆಗಳನ್ನು ಬಲ್ಲವರಿಗೆ ಇದು ಕೇಳಿದ ರಾಗವೇ.

ಎರಡನೆಯ ಪ್ರಶ್ನೆ ಇನ್ನೂ ಹರಿತವಾದದ್ದು. ಹೀಬ್ರೂ ಯೆಹೂದ್ಯರದು ಎಂದು ಎಲ್ಲರೂ ತಿಳಿದಿದ್ದಾಗ, ೧೯೮೬ರಲ್ಲಿ ಆಂಟನ್ ಶಮ್ಮಾಸ್ ಎಂಬ ಅರಬ್ ಲೇಖಕರು ಒಂದು ಕಾದಂಬರಿಯನ್ನು ಹೀಬ್ರೂವಿನಲ್ಲೇ ಬರೆದರು, ಒಳ್ಳೆಯ ಹೀಬ್ರೂವಿನಲ್ಲಿ. ವಿಮರ್ಶಕರು ತಬ್ಬಿಬ್ಬಾದರು. ಭಾಷೆ ಹುಟ್ಟಿದವರದೋ, ಕಲಿತವರದೋ? ಈ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಸುಲಭ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ಇವರನ್ನು ತೆಗೆದಿಟ್ಟು ಕನ್ನಡ ಸಾಹಿತ್ಯದ ಚರಿತ್ರೆ ಬರೆಯಲು ಕುಳಿತವನು ಮಧ್ಯಾಹ್ನದೊಳಗೆ ಎದ್ದುಹೋಗಬೇಕಾದೀತು. ಈ ಒಂದು ವಿಷಯದಲ್ಲಿ ನಾವು ಅವರಿಂದ ಕಲಿಯಬೇಕಾದ್ದು ಏನೂ ಇಲ್ಲ.

ಹಾಗೆಯೇ, ಹೀಬ್ರೂ ಗೆದ್ದ ಕಥೆಯಲ್ಲಿ ಸೋತವರೂ ಇದ್ದಾರೆಂಬುದನ್ನು ಮರೆಯಬಾರದು. ಅಲ್ಲಿಯ ರಾಜಕೀಯ, ಅಲ್ಲಿಯ ರಕ್ತಪಾತ ಈ ಬರಹದ ವಿಷಯವಲ್ಲ. ಭಾಷೆಗಳ ಮಾತನ್ನಷ್ಟೇ ಹೇಳುತ್ತೇವೆ. ೧೯೨೭ರಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಯಿಡ್ಡಿಷ್ ಪೀಠವೊಂದನ್ನು ತೆರೆಯುವ ಮಾತು ಬಂದಾಗ ದೊಡ್ಡ ಗದ್ದಲವೆದ್ದು ಕೈಬಿಡಬೇಕಾಯಿತು. ಪೀಠ ಬಂದದ್ದು ೧೯೫೧ರಲ್ಲಿ. ಹಿಂದೆ ಹೆಸರಿಸಿದ ಸಾದಾನರೇ ಅದರ ಮೊದಲ ಪ್ರಾಧ್ಯಾಪಕರು. ಅಷ್ಟರೊಳಗೆ ಯಿಡ್ಡಿಷ್ ಆಡುತ್ತಿದ್ದ ಲಕ್ಷಾಂತರ ಜನರನ್ನು ಯೂರೋಪಿನಲ್ಲಿ ಕೊಂದಾಗಿತ್ತು. ಬಾಗ್ದಾದಿನಲ್ಲಿ ಹುಟ್ಟಿದ ಸಾಮಿ ಮೈಕೇಲ್, ಶಿಮೋನ್ ಬಲ್ಲಾಸ್ ಮೊದಲಾದವರು ಅರಬ್ಬಿಯಲ್ಲಿ ಬರೆಯುವುದನ್ನು ಬಿಟ್ಟು ಹೀಬ್ರೂವನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಯಿತು. ಒಂದು ಭಾಷೆಯನ್ನು ಕೂರಿಸಲು ತಾಯಂದಿರ ಬಾಯಿಂದ ಇನ್ನೊಂದನ್ನು ಎಬ್ಬಿಸುವ ಆ ಪದ್ಧತಿ ನಮಗೆ ಬೇಡ.

ಹೈದರಾಬಾದಿನವರಾದ ನಮಗೆ ಅದು ಬೇಡವೆನ್ನಲು ಇನ್ನೊಂದು ಕಾರಣವೂ ಉಂಟು. ನಾವು ಅದರ ಇನ್ನೊಂದು ತುದಿಯಲ್ಲಿ ಇದ್ದವರು. ಹೀಬ್ರೂ ವಿಶ್ವವಿದ್ಯಾಲಯಕ್ಕಿಂತ ಏಳು ವರ್ಷ ಮೊದಲೇ, ೧೯೧೮ರಲ್ಲಿ, ನಮ್ಮ ಊರಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕಾಲೇಜು ಶಿಕ್ಷಣವನ್ನು ಇಂಗ್ಲಿಷಿನಲ್ಲಲ್ಲ, ದೇಶಭಾಷೆಯಲ್ಲಿ ಕೊಡುತ್ತೇವೆಂದು ಅದು ಹೊರಟಿತು. ಭಾಷಾಂತರಕ್ಕೆಂದೇ ಒಂದು ಕಛೇರಿ ತೆರೆದು, ಗಣಿತ, ವೈದ್ಯ, ಕಾನೂನು ಎಲ್ಲಕ್ಕೂ ಪಾರಿಭಾಷಿಕ ಶಬ್ದಗಳನ್ನು ಸೃಷ್ಟಿಸಿದರು. ಜೆರೂಸಲೇಮಿನವರು ಮಾಡಿದ ಕೆಲಸವೇ, ಅವರಿಗಿಂತ ಮೊದಲು. ಸಾಹಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದೇಶಭಾಷೆ ಉರ್ದು. ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚಿನವರು ತೆಲುಗು, ಮರಾಠಿ, ಕನ್ನಡ ಆಡುವವರು. ಸುಮಾರು ಹತ್ತರಲ್ಲೊಬ್ಬರು ಕನ್ನಡಿಗರು. ನಮ್ಮ ಅಜ್ಜನ ಖಾತೆಯ ಳಕಾರ ಹೋದದ್ದು ಹೀಗೆ.

ಕನ್ನಡವೇ ಇಲ್ಲವಾಗಲಿಲ್ಲ ಎನ್ನಿ. ಉಸ್ಮಾನಿಯಾದಲ್ಲಿ ಕನ್ನಡವನ್ನೂ ಒಂದು ಭಾಷೆಯಾಗಿ ಕಲಿಸಿದರು, ಡಿ. ಕೆ. ಭೀಮಸೇನರಾಯರಂಥವರು ಅಲ್ಲಿ ಪಾಠ ಹೇಳಿದರು. ಉರ್ದು ಓದಿದ್ದು ವ್ಯರ್ಥವೂ ಆಗಲಿಲ್ಲ. ಕನ್ನಡದಲ್ಲಿ ಇಂದು ಊರೂರಿಗೆ ಗಜಲ್ ಬರೆಯುವವರಿದ್ದಾರಲ್ಲ, ಆ ಬೀಜ ತಂದವರಲ್ಲಿ ಮೊದಲಿಗರು ರಾಯಚೂರು ಸೀಮೆಯ ಶಾಂತರಸರು. ೨೦೦೬ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಉರ್ದು ಬಾರದ ಸೀಮೆಯಿಂದ ಅದು ಬರಲಾರದಿತ್ತು. ನಮ್ಮ ಕಛೇರಿಯ ಸಂಗತಿಯನ್ನು ಕೇಳುವುದೇ ಬೇಡ. ಅರ್ಜಿ, ದಾಖಲೆ, ನಕಲು, ಜಮಾ, ಖರ್ಚು, ವಸೂಲಿ, ರಜಾ. ಪಾರಸಿ ಅರಬ್ಬಿಯಿಂದ ಬಂದ ಶಬ್ದಗಳನ್ನು ಹಿಂದಕ್ಕೆ ಕೊಟ್ಟುಬಿಟ್ಟರೆ ಗುಮಾಸ್ತನಿಗೆ ಕೆಲಸವೂ ಇಲ್ಲ, ರಜೆಯೂ ಇಲ್ಲ. ಗುಮಾಸ್ತ ಎಂಬ ಹೆಸರೇ ಇಲ್ಲ!

೧೯೫೬ರ ನವೆಂಬರ್ ೧ ಬಂತು. ಕಲಬುರ್ಗಿ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರಿಗೆ ಹಬ್ಬದ ದಿನ. ಆಗಲೇಬೇಕಾದ ಕೆಲಸ ಆಯಿತು. ಆದರೆ ಹೈದರಾಬಾದಿನಲ್ಲಿ ಮನೆ ಮಾಡಿಕೊಂಡಿದ್ದ ಕನ್ನಡ ಕುಟುಂಬಗಳ ಸ್ಥಿತಿಯನ್ನು ಊಹಿಸಿ. ಹಿಂದಿನ ರಾತ್ರಿ ಅವರು ತಮ್ಮ ರಾಜಧಾನಿಯಲ್ಲಿ ಮಲಗಿದರು. ಬೆಳಿಗ್ಗೆ ಎದ್ದಾಗ ಹೊರನಾಡ ಕನ್ನಡಿಗರಾಗಿದ್ದರು. ಹಾಸಿಗೆ ಒಂದಂಗುಲ ಸರಿದಿರಲಿಲ್ಲ. ವಲಸೆ ಹೋಗುವವನು ಗಂಟುಮೂಟೆ ಕಟ್ಟುತ್ತಾನೆ, ಟಿಕೇಟು ಕೊಳ್ಳುತ್ತಾನೆ, ಅಳುತ್ತಾನೆ. ಇವರಿಗೆ ಅದಾವುದೂ ಒದಗಲಿಲ್ಲ. ಅನಂತರ ನಮ್ಮಂಥವರು ಉದ್ಯೋಗಕ್ಕೆಂದು ಬಂದು ಸೇರಿಕೊಂಡೆವು. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳನ್ನು ನೆನೆಯುವಾಗ, ಅವು ಹೊರಗಿನಿಂದ ಬಂದವರು ಹಾಕಿದ ಡೇರೆಗಳಲ್ಲ, ಒಳಗಿದ್ದವರ ಮನೆಗಳೆಂಬುದನ್ನು ನಾವು ಹೊಸಬರು ನೆನಪಿಡಬೇಕು.

ಸರ್ಕಾರಿ ನೌಕರರಿಗೆ ಸಂತೋಷ ಕೊಡುವ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ವಿದ್ವಾಂಸರಾದ ಪಿ. ಬಿ. ದೇಸಾಯಿಯವರು ಸಂಪಾದಿಸಿ ಕೊಟ್ಟಿದ್ದರು. ಪುಸ್ತಕ ಹೈದರಾಬಾದಿನಲ್ಲಿ ಪ್ರಕಟವಾದದ್ದು ೧೯೫೮ರಲ್ಲಿ. ಅಂದರೆ ಸಂಸ್ಥಾನವೂ ಇರಲಿಲ್ಲ, ಕನ್ನಡ ಜಿಲ್ಲೆಗಳೂ ಇರಲಿಲ್ಲ, ಪುಸ್ತಕ ಮಾತ್ರ ಹಳೆಯ ಹೆಸರಿನಲ್ಲೇ ಬಂತು. ಜಿಲ್ಲೆಗಳಿಗಿಂತ ಫೈಲು ನಿಧಾನವಾಗಿ ಚಲಿಸುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ತಮಾಷೆ ಹಾಗಿರಲಿ. ಮಳಖೇಡದ ನೆಲ, ಕಲ್ಯಾಣದ ನೆಲ, ಮಸ್ಕಿಯ ಬಂಡೆ ಎಲ್ಲವೂ ಒಂದು ಕಾಲಕ್ಕೆ ಇದೇ ಊರಿನ ಆಡಳಿತಕ್ಕೆ ಸೇರಿದ್ದವೆಂಬುದನ್ನು ಆ ಪುಸ್ತಕದ ಹೆಸರು ಇನ್ನೂ ಹೇಳುತ್ತಿದೆ.

ಶಾಸನದ ಮಾತು ಬಂದದ್ದರಿಂದ ಇನ್ನೊಂದು ಬಂಡೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆವು. ಇದು ಕರ್ನಾಟಕಕ್ಕೆ ಸೇರಿದ್ದಲ್ಲ, ಇಲ್ಲೇ ಕರೀಂನಗರದ ಕಡೆ, ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಮೇಲಿದೆ. ಬರೆಸಿದವನು ಜಿನವಲ್ಲಭ, ನಮ್ಮ ಆದಿಕವಿ ಪಂಪನ ತಮ್ಮ. ಕಾಲ ಹತ್ತನೆಯ ಶತಮಾನ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ರಾಜಧಾನಿ ವೇಮುಲವಾಡವೂ ಈ ತೆಲಂಗಾಣದ್ದೇ. ಹೈದರಾಬಾದಿನವರು ಹರಕೆ ಹೊತ್ತು ಹೋಗುವ ಆ ರಾಜರಾಜೇಶ್ವರನ ಊರೇ.

ಆ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಂಪನ ತಂದೆತಾಯಿಯರ ಕುಲ, ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಕಡೆಯವಳೆಂಬುದು, ಇವೆಲ್ಲ ಅಲ್ಲಿಂದ ಗಟ್ಟಿಯಾದವು. ಹಿರಿಯರು ವೆಂಗಿ ನಾಡಿನವರು, ಎಂದರೆ ಆಂಧ್ರದ ಕರಾವಳಿ. ತಾಯಿಯ ತವರು ಧಾರವಾಡದ ಸೀಮೆ. ಉದ್ಯೋಗ ತೆಲಂಗಾಣದಲ್ಲಿ. ಕಾವ್ಯ ಕನ್ನಡದಲ್ಲಿ. ಆಧಾರ್ ಕಾರ್ಡು ಮಾಡಿಸಲು ಹೋಗಿದ್ದರೆ ಪಂಪನಿಗೂ ವಿಳಾಸದ ಕಲಮು ತುಂಬುವುದು ಕಷ್ಟವಾಗುತ್ತಿತ್ತು. ಆದಿಕವಿ ಎಂದು ನಾವು ಕೈಮುಗಿಯುವವನು ವಲಸೆ ಹೋದ ಮನೆಯ ಮಗ.

ತೆಲುಗರಿಗೂ ಆ ಬಂಡೆ ಅಷ್ಟೇ ಪ್ರಿಯ. ಅದರ ತೆಲುಗು ಕಂದಪದ್ಯಗಳು ಆ ಭಾಷೆಯ ಬಹು ಹಳೆಯ ಪದ್ಯಗಳ ಸಾಲಿಗೆ ಸೇರಿದವು. ೨೦೦೮ರಲ್ಲಿ ಎರಡು ಭಾಷೆಗಳಿಗೂ ಒಟ್ಟಿಗೇ ಶಾಸ್ತ್ರೀಯ ಭಾಷೆಯ ಗೌರವ ಬಂತು. ಒ೦ದೇ ಕಲ್ಲು ಇಬ್ಬರಿಗೂ ಹತ್ರ. ಮುಖ್ಯವಾದ ಮಾತೆಂದರೆ, ಆ ಕಾಲಕ್ಕೆ ಕನ್ನಡಕ್ಕೂ ತೆಲುಗಿಗೂ ಲಿಪಿ ಬೇರೆ ಬೇರೆಯಾಗಿ ಒಡೆದಿರಲಿಲ್ಲ. ಎರಡು ಭಾಷೆ, ಒಂದೇ ಅಕ್ಷರ.

ಇದನ್ನು ಓದಿದ ದಿನ ನಮಗೆ ಮನೆಯ ಒಂದು ಚಿಂತೆಗೆ ದಾರಿ ಕಂಡಿತು. ತೆಲಂಗಾಣದಲ್ಲಿ ೨೦೧೮ರ ಕಾನೂನಿನ ಮೇರೆಗೆ ಎಲ್ಲ ಶಾಲೆಗಳಲ್ಲೂ ತೆಲುಗು ಕಡ್ಡಾಯ. ಇಂಗ್ಲಿಷು, ತೆಲುಗು, ಹಿಂದಿ ಆದ ಮೇಲೆ ಮಗಳ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಸಂಘದಲ್ಲಿ ಕೂಡಿದಾಗಲೆಲ್ಲ ನಾವು ಇದನ್ನೇ ಹೇಳಿಕೊಂಡು ನಿಟ್ಟುಸಿರು ಬಿಡುತ್ತಿದ್ದೆವು, ತೆಲುಗು ಬಂದು ಕನ್ನಡದ ಕುರ್ಚಿಯಲ್ಲಿ ಕುಳಿತುಕೊಂಡಿತೆಂಬಂತೆ. ಆದರೆ ತೆಲುಗು ಓದಬಲ್ಲ ಮಗುವಿಗೆ ಕನ್ನಡ ಅಕ್ಷರ ಮುಕ್ಕಾಲು ಬಂದಂತೆಯೇ. ಗಕಾರ, ನಕಾರ, ರಕಾರ, ಲಕಾರ ಒಡಹುಟ್ಟಿದವು. ತಲೆಕಟ್ಟು ಬೇರೆ, ಕಕಾರ ಬೇರೆ, ಅದನ್ನು ಹೇಳಿಕೊಟ್ಟರಾಯಿತು. ಉರ್ದುವಿಗೂ ಇಂಗ್ಲಿಷಿಗೂ ಇಲ್ಲದ ಳಕಾರ ತೆಲುಗಿನಲ್ಲಿ ದುಂಡಗೆ ಕುಳಿತಿದೆ. ಯೆಹೂದ್ಯರ ಹುಡುಗರು ಪ್ರಾರ್ಥನೆಗೆಂದು ಕಲಿತ ಅಕ್ಷರ ಮುಂದೆ ಅವರಿಗೆ ಯಿಡ್ಡಿಷ್ ಕಥೆಗೂ ಬಂತು, ಹೀಬ್ರೂ ಕಾದಂಬರಿಗೂ ಬಂತು. ನಮ್ಮ ಮಕ್ಕಳು ಪರೀಕ್ಷೆಗೆಂದು ಕಲಿಯುವ ತೆಲುಗು ಹಾಗೆ ಏಕೆ ಒದಗಬಾರದು?

ಈ ಲೆಕ್ಕದ ಮೇಲೆ ಸಂಘದ ಕೊಠಡಿಯಲ್ಲಿ ಭಾನುವಾರ ಸಂಜೆ ಒಂದು ಗಂಟೆಯ ತರಗತಿ ಹೂಡಿದ್ದೇವೆ. ಅ ಆ ಇ ಈ ಇಂದ ಮೊದಲುಮಾಡುವುದಿಲ್ಲ. ತೆಲುಗಿಗಿಂತ ಬೇರೆಯಾದ ಅಕ್ಷರಗಳನ್ನಷ್ಟೇ ಹಲಗೆಯ ಮೇಲೆ ಬರೆದು, ಎರಡನೆಯ ವಾರಕ್ಕೇ ಓದಲು ಹಚ್ಚುತ್ತೇವೆ. ಹನ್ನೊಂದು ಮಕ್ಕಳು ಬರುತ್ತಾರೆ. ಕ್ರಿಕೆಟ್ ಪಂದ್ಯವಿದ್ದ ದಿನ ನಾಲ್ಕು. “ಕನ್ನಡ ಓದಿ ಏನಾಗಬೇಕಾಗಿದೆ, ಮಾತಾಡಿದರೆ ಸಾಲದೆ?” ಎಂದು ಮಿತ್ರರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವರ ಇಬ್ಬರು ಮಕ್ಕಳೂ ಚೆನ್ನಾಗಿ ಕನ್ನಡ ಆಡುತ್ತಾರೆ. ಅವರಿಗೆ ನಾವು ಕೊಚ್ಚಿಯ ಹೆಂಗಸರ ಕಥೆ ಹೇಳಿದೆವು.

ಕೊಚ್ಚಿಯ ಯೆಹೂದ್ಯರು ಬಹುಪಾಲು ೧೯೫೦ರ ದಶಕದಲ್ಲಿ ಇಸ್ರೇಲಿಗೆ ಹೋಗಿ ನೆಲೆಸಿದರು. ಗಂಡಸರಿಗೆ ಹೀಬ್ರೂ ಪ್ರಾರ್ಥನೆ ಬರುತ್ತಿತ್ತು. ಹೆಂಗಸರ ಪೆಟ್ಟಿಗೆಗಳಲ್ಲಿ ಇದ್ದದ್ದು ಮಲಯಾಳದ ಹಾಡಿನ ಪುಸ್ತಕಗಳು. ಮದುವೆಯ ಹಾಡು, ಹಬ್ಬದ ಹಾಡು, ಕೈಯಲ್ಲಿ ಬರೆದದ್ದು. ಅಲ್ಲಿ ಹೊಲ ತೋಟಗಳಲ್ಲಿ ದುಡಿದರು, ಮಕ್ಕಳು ಹೀಬ್ರೂ ಕಲಿತರು. ಮೊಮ್ಮಕ್ಕಳಿಗೆ ಮಲಯಾಳದ ಅಕ್ಷರ ಬಾರದಾಯಿತು. ಕೊನೆಗೆ ವಿಶ್ವವಿದ್ಯಾಲಯದ ಮಂದಿ ಬಂದು ಆ ಪುಸ್ತಕಗಳನ್ನು ಕೂಡಿಹಾಕಿ, ಮುದುಕಿಯರ ಬಾಯಿಂದ ಹಾಡಿಸಿ ಧ್ವನಿ ಹಿಡಿದರು. ಕೇರಳದ ವಿದ್ವಾಂಸರಾದ ಸ್ಕರಿಯಾ ಸಕರಿಯಾ ಅವರೂ ಓಫಿರಾ ಗಮ್ಲಿಯೆಲ್ ಎಂಬ ವಿದುಷಿಯೂ ಕೂಡಿ ೨೦೦೫ರಲ್ಲಿ ಜೆರೂಸಲೇಮಿನಲ್ಲಿ ಆ ಹಾಡುಗಳನ್ನು ಹೀಬ್ರೂ ಅನುವಾದದೊಡನೆ ಅಚ್ಚುಹಾಕಿಸಿದರು. ಅಜ್ಜಿಯ ಹಾಡನ್ನು ಮೊಮ್ಮಗಳು ಅನುವಾದದಲ್ಲಿ ಓದಿದಳು. ಅಷ್ಟಾದರೂ ಆಯಿತಲ್ಲ ಎನ್ನಬೇಕು. ನಮ್ಮ ಓಣಿಗೆ ಯಾವ ವಿಶ್ವವಿದ್ಯಾಲಯದವರು ಬರುತ್ತಾರೆ? ಮಿತ್ರರು ಮಾತಾಡಲಿಲ್ಲ, ಅವರ ಮಕ್ಕಳು ಮುಂದಿನ ವಾರವೂ ಬರಲಿಲ್ಲ, ಅದರ ಮುಂದಿನ ವಾರ ಕಿರಿಯವಳು ಬಂದಳು.

ನಮ್ಮ ಅವ್ವನ ಹತ್ತಿರವೂ ಅಂಥದೊಂದು ಪುಸ್ತಕವಿದೆ. ನೂರು ಪುಟದ ನೋಟುಬುಕ್ಕು, ಮೂಲೆಗಳು ಎಣ್ಣೆಯಿಂದ ಹಳದಿಯಾಗಿವೆ. ತನ್ನ ತಾಯಿ ಹೇಳಿಕೊಟ್ಟ ಸೋಬಾನ ಪದ, ಆರತಿ ಹಾಡು, ಜೋಗುಳಗಳನ್ನು ಮದುವೆಗೆ ಮುಂಚೆ ಬರೆದುಕೊಂಡದ್ದು. ತರಗತಿಯ ಪಾಠ ಮುಗಿದ ಮೇಲೆ ಮಗಳು ಇದನ್ನು ಹಿಡಿದು ಅಜ್ಜಿಯ ಪಕ್ಕ ಕೂರುತ್ತಾಳೆ. ಅಚ್ಚಿನ ಅಕ್ಷರ ಬಂದರೂ ಕೈಬರಹ ಸುಲಭವಲ್ಲ. ಒತ್ತಕ್ಷರಕ್ಕೆ ಬಂದು ನಿಲ್ಲುತ್ತಾಳೆ; ಅವ್ವ ಹಾಡಿ ಮುಂದಕ್ಕೆ ದಾಟಿಸುತ್ತಾಳೆ.

ಈಗ ಹತ್ತೊಂಬತ್ತನೆಯ ಪುಟದಲ್ಲಿದ್ದಾರೆ. ಅಲ್ಲಿ ಮೂರಕ್ಷರದ ಒಂದು ಮಾತು ಬಂದಿದೆ, ನಡುವೆ ಳಕಾರ. ಮಗಳು ಸರಿಯಾಗಿಯೇ ಓದಿದಳು. ಒಡವೆಯ ಹೆಸರೋ ಹೂವಿನ ಹೆಸರೋ ಅವ್ವನಿಗೂ ಹೊಳೆಯದು. “ನಮ್ಮವ್ವ ಹಾಡ್ತಿದ್ಲು, ನಾ ಬರಕೊಂಡೆ, ಕೇಳಿಲ್ಲ ನೋಡು” ಎನ್ನುತ್ತಾಳೆ. ಪದಕೋಶದಲ್ಲಿ ನೋಡಿದೆವು, ಸಿಗಲಿಲ್ಲ. ಲಿಂಗಸೂಗೂರಿನಲ್ಲಿ ಅವ್ವನ ದೊಡ್ಡಮ್ಮನ ಮಗಳೊಬ್ಬಳಿದ್ದಾಳೆ, ಎಂಬತ್ತು ದಾಟಿದವಳು, ಅವಳಿಗೆ ತಿಳಿದಿರಬಹುದು. ಫೋನಿನಲ್ಲಿ ಅವಳಿಗೆ ಕಿವಿ ಕೇಳಿಸುವುದಿಲ್ಲ. ಆದ್ದರಿಂದ ಮಗಳು ಕಾಗದ ಬರೆದಳು, ಕನ್ನಡದಲ್ಲಿ, ಕನ್ನಡ ಅಕ್ಷರದಲ್ಲಿ. ಎರಡು ಕಡೆ ತೆಲುಗಿನ ಕಕಾರ ಬಿದ್ದಿತ್ತು. ಹಾಗೆಯೇ ಅಂಚೆಗೆ ಹಾಕಿದೆವು.